ಕಡುನೀಲಿ ಕಾರಿನ ಮೇಲೆ ಹೋಗದ ಬಿಳಿ ಕಲೆ: ಬೋರ್‌ವೆಲ್ ನೀರಿಂದಲಾ, ಬೇರೇನಾದರೂ ಇದೆಯಾ?

ಕಾಂದಿವಲಿ_ಪೂರ್ವ

ಎಲ್ಲರಿಗೂ ನಮಸ್ಕಾರ. ಗಾಡಿ ಕಡುನೀಲಿ ಮೆಟಾಲಿಕ್ ಹ್ಯಾಚ್‌ಬ್ಯಾಕ್, ಮೂರು ವರ್ಷ ಹಳೆಯದು. ಸೊಸೈಟಿಯ ಪೋಡಿಯಂ ಕೆಳಗಿನ ಪಾರ್ಕಿಂಗ್‌ನಲ್ಲಿ ನಿಲ್ಲುತ್ತದೆ. ವಾರಕ್ಕೊಮ್ಮೆ ಪಾರ್ಕಿಂಗ್‌ನ ನಲ್ಲಿಯ ನೀರು ಹಿಡಿದು ಕಾರ್ ಶಾಂಪೂ ಹಾಕಿ ತೊಳೆದು, ಹೊರಗೆ ಬಿಸಿಲಲ್ಲಿ ಅರ್ಧ ಗಂಟೆ ನಿಲ್ಲಿಸಿ ಒಣಗಿಸುವುದು ಅಭ್ಯಾಸ. ಈಗ ಬಾನೆಟ್, ರೂಫ್ ತುಂಬ ಹೆಸರುಕಾಳಿನ ಗಾತ್ರದ ಬಿಳಿ ಉಂಗುರಗಳು. ಎಷ್ಟು ಶಾಂಪೂ ಹಾಕಿದರೂ ಹೋಗುತ್ತಿಲ್ಲ. ರೂಫಿನ ಹಿಂಭಾಗದಲ್ಲಿ, ಎಡಗಡೆಗೆ ಮಾತ್ರ, ಏಳೆಂಟು ದಪ್ಪ ಕಲೆಗಳಿವೆ. ಬೆರಳು ಆಡಿಸಿದರೆ ಉಬ್ಬು ಸಿಗುತ್ತದೆ. ಮುಂದಿನ ಗಾಜಿನ ಮೇಲೂ ಚುಕ್ಕೆಗಳು, ರಾತ್ರಿ ಎದುರು ಗಾಡಿಯ ಲೈಟ್ ಬಿದ್ದರೆ ಚದುರಿ ಕಣ್ಣಿಗೆ ಹೊಡೆಯುತ್ತದೆ.

ಒಬ್ಬರು ಬಾತ್‌ರೂಮ್ ಟೈಲ್ಸ್ ಕ್ಲೀನರ್ ಹಚ್ಚಿ ಅಂದರು, ಇನ್ನೊಬ್ಬರು ರಬ್ಬಿಂಗ್ ಕಾಂಪೌಂಡ್ (ಬಣ್ಣದ ಗೀರು ತೆಗೆಯಲು ಉಜ್ಜುವ ಒರಟು ಪೇಸ್ಟ್) ಅಂದರು. ಯಾವುದಕ್ಕೂ ಕೈಹಾಕುವ ಮೊದಲು ಇಲ್ಲಿ ಕೇಳೋಣ ಅಂತ.

ಡೊಂಬಿವಲಿ_ಡಿಟೇಲಿಂಗ್

ಟೈಲ್ಸ್ ಕ್ಲೀನರ್ ಬೇಡವೇ ಬೇಡ ಮಾರಾಯ್ರೆ. ಅಂಥ ಹೆಚ್ಚಿನವುಗಳಲ್ಲಿ ಇರುವುದು ಹೈಡ್ರೋಕ್ಲೋರಿಕ್ ಆಸಿಡ್. ಸುಣ್ಣವನ್ನು ಕರಗಿಸ್ತದೆ ನಿಜ, ಅದರ ಜೊತೆಗೆ ಕ್ರೋಮ್ ಪಟ್ಟಿಯನ್ನೂ ಮಂಕು ಮಾಡ್ತದೆ, ಬಾನೆಟ್ ಸಂದಿಯಲ್ಲಿ ಇಳಿದದ್ದು ಒಳಗೆ ಬೋಲ್ಟು, ಕ್ಲಿಪ್ಪುಗಳನ್ನು ತಿನ್ನಲು ಶುರು ಮಾಡ್ತದೆ. ಕಾಂಪೌಂಡ್ ಸಹ ಈಗಲೇ ಬೇಡ. ಕಲೆ ಮೇಲೆ ಕೂತಿದೆಯೋ ಒಳಗೆ ಇಳಿದಿದೆಯೋ ಗೊತ್ತಿಲ್ಲದೆ ಉಜ್ಜಿದರೆ ಆ ಸುಣ್ಣದ ಪುಡಿಯೇ ಉಪ್ಪುಕಾಗದದ ಹಾಗೆ ಗೀರು ಹಾಕ್ತದೆ. ಬಣ್ಣದ ಮೇಲಿರುವ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್ ಅಷ್ಟೇ, ನೋಟ್‌ಬುಕ್ ಹಾಳೆಯ ಅರ್ಧ ದಪ್ಪ. ಪ್ರತಿ ಸಲದ ಪಾಲಿಶ್ ಅದರಿಂದಲೇ ಸ್ವಲ್ಪ ತೆಗೀತದೆ, ಹೋದದ್ದು ವಾಪಸ್ ಬರುವುದಿಲ್ಲ.

ಮೊದಲು ಪರೀಕ್ಷೆ ಮಾಡಿ. ಗಾಡಿ ನೆರಳಲ್ಲಿರಲಿ, ಬಾನೆಟ್ ಮುಟ್ಟಿದರೆ ತಣ್ಣಗಿರಬೇಕು. ಶಾಂಪೂ ಹಾಕಿ ತೊಳೆದು ಧೂಳು ತೆಗೆಯಿರಿ. ಅಡುಗೆಯ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಟಿಶ್ಯೂ ತುಂಡನ್ನು ಅದರಲ್ಲಿ ಅದ್ದಿ ಒಂದು ಕಲೆಯ ಮೇಲೆ ಅಂಟಿಸಿ. ಒಂದು ನಿಮಿಷ ಬಿಟ್ಟು ತೆಗೆದು, ಮೈಕ್ರೋಫೈಬರ್ ಬಟ್ಟೆಯಿಂದ ಮೆಲ್ಲಗೆ ಒರೆಸಿ, ನೀರು ಹಾಕಿ. ಕಲೆ ಹೋದರೆ ಅದು ಮೇಲೆ ಕೂತ ಸುಣ್ಣ. ಬಿಳುಪು ಹೋಗಿ ಉಂಗುರದ ಅಂಚು ಮಾತ್ರ ಉಳಿದು, ಮೊಬೈಲ್ ಟಾರ್ಚನ್ನು ಅಡ್ಡ ಹಿಡಿದಾಗ ಕಾಣಿಸಿದರೆ ಕ್ಲಿಯರ್ ಕೋಟ್ ಕಚ್ಚಿಹೋಗಿದೆ ಅಂತ ಅರ್ಥ. ಅದಕ್ಕೆ ಆಸಿಡ್ ಮದ್ದಲ್ಲ. ದಪ್ಪ ಕಲೆಯ ಮೇಲೆ ಬೇರೆಯಾಗಿ ಮಾಡಿ ನೋಡಿ. ಟಿಶ್ಯೂ ಅಂಚಿನಲ್ಲಿ ಸಣ್ಣ ಗುಳ್ಳೆ ಏಳ್ತದಾ ಅಂತ ಹತ್ತಿರದಿಂದ ಗಮನಿಸಿ.

ಇನ್ನೆರಡು ಮಾಹಿತಿ ಬೇಕು. ನೀರಲ್ಲಿ ಕರಗಿದ ಲವಣ ಎಷ್ಟಿದೆ ಅಂತ ತೋರಿಸುವ, ಪೆನ್ನಿನ ಹಾಗಿರುವ ಟಿಡಿಎಸ್ ಮೀಟರ್ ಸಿಕ್ಕಿದರೆ ಪಾರ್ಕಿಂಗ್‌ನ ನಲ್ಲಿ, ಅಡುಗೆಮನೆಯ ನಲ್ಲಿ ಎರಡರ ನೀರೂ ಅಳೆಯಿರಿ. ಗಾಡಿ ನಿಲ್ಲುವ ಜಾಗದಲ್ಲಿ ಕತ್ತೆತ್ತಿ ಛಾವಣಿ ನೋಡಿ.

ಕಾಂದಿವಲಿ_ಪೂರ್ವ

ಟಿಡಿಎಸ್ ಪಾರ್ಕಿಂಗ್‌ನ ನಲ್ಲಿಯದು 940, ಅಡುಗೆಮನೆಯದು 74. ಸಣ್ಣ ಉಂಗುರಗಳಲ್ಲಿ ಹತ್ತಕ್ಕೆ ಏಳೆಂಟು ಹೋದವು, ಉಳಿದವಕ್ಕೆ ನೀವು ಹೇಳಿದಂಥ ಅಂಚು ಕಾಣುತ್ತಿದೆ. ದಪ್ಪ ಕಲೆಯಲ್ಲಿ ಅರ್ಧ ನಿಮಿಷಕ್ಕೇ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಎದ್ದವು. ಛಾವಣಿ ನೋಡಿದರೆ ಸರಿಯಾಗಿ ಅದೇ ಜಾಗದ ಮೇಲೆ ಬೀಮ್ ಪಕ್ಕ ಬಿರುಕು, ಅದರಿಂದ ಬೆರಳುದ್ದದ ಬಿಳಿ ಕಡ್ಡಿ ಇಳಿಬಿದ್ದಿದೆ!

ಡೊಂಬಿವಲಿ_ಡಿಟೇಲಿಂಗ್

ಹಾಗಾದರೆ ಎರಡು ಬೇರೆ ಬೇರೆ ರೋಗ ಇದೆ.

ಸಣ್ಣ ಉಂಗುರ ಬಂದದ್ದು ತೊಳೆಯುವ ನೀರಿಂದ. ಪಾರ್ಕಿಂಗ್ ನಲ್ಲಿಗೆ ಬೋರ್‌ವೆಲ್ ಲೈನ್ ಕೊಟ್ಟಿರ್ತಾರೆ. ಅಡುಗೆಮನೆಗೆ ಬರುವುದು ಮುಂಬೈಗೆ ನೀರು ಕೊಡುವ ಭಾತ್ಸಾ, ತಾನ್ಸಾ, ವೈತರಣಾ ಜಲಾಶಯಗಳ ಮಳೆನೀರು, ಅದಕ್ಕೇ ಇಷ್ಟು ವ್ಯತ್ಯಾಸ. ಲೆಕ್ಕ ನೋಡಿ: ತೊಳೆದಾದ ಮೇಲೆ ಗಾಡಿಯ ಮೈಮೇಲೆ ಅರ್ಧ ಲೀಟರ್ ನೀರು ಉಳಿದು ಬಿಸಿಲಿಗೆ ಆವಿಯಾಯಿತು ಅಂದುಕೊಳ್ಳಿ. ಲೀಟರಿಗೆ 940 ಮಿಲಿಗ್ರಾಂ ಅಂದರೆ ಸುಮಾರು ಅರ್ಧ ಗ್ರಾಂ ಲವಣ ಅಲ್ಲೇ ಉಳೀತದೆ, ಪ್ರತಿ ವಾರ. ಹನಿ ಒಣಗುವಾಗ ಲವಣ ಅಂಚಿಗೆ ಸರಿದು ಕೂರುವುದರಿಂದ ಉಂಗುರದ ಆಕಾರ. ಬಿಸಿಯಾದ ಬಾನೆಟ್ ಮೇಲೆ ಇದು ಒಳಗೂ ಕಚ್ಚುತ್ತದೆ.

ದಪ್ಪ ಕಲೆ ಕಾಂಕ್ರೀಟಿನದು. ಮೇಲಿನ ಡೆಕ್‌ನ, ಅಂದರೆ ಪೋಡಿಯಂ ಅಂಗಳದ, ನೀರು ಬಿರುಕಿನಲ್ಲಿ ಇಳಿಯುವಾಗ ಸಿಮೆಂಟಿನ ಸುಣ್ಣವನ್ನು, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು, ಕರಗಿಸಿಕೊಂಡು ಬರ್ತದೆ. ಅದರ ಪಿಎಚ್ 12ರ ಹತ್ತಿರ, ಬಲವಾದ ಕ್ಷಾರ. ಗಾಳಿಯ ಕಾರ್ಬನ್ ಡೈಆಕ್ಸೈಡ್ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಟ್ಟಿಯಾಗ್ತದೆ. ವಿನೆಗರ್ ತಾಗಿದರೆ ಅದು ಅನಿಲ ಬಿಡ್ತದೆ, ಅದಕ್ಕೇ ಗುಳ್ಳೆ. ಹಸಿ ಇರುವಾಗಲೇ ನೀರು ಹಾಕಿ ತೊಳೆದರೆ ಏನೂ ಆಗುವುದಿಲ್ಲ. ದಿನಗಟ್ಟಲೆ ಬಿಟ್ಟರೆ ಕೆಳಗಿನ ಕ್ಲಿಯರ್ ಕೋಟ್ ಮಂಕಾಗ್ತದೆ.

ತೆಗೆಯುವ ಕ್ರಮ: ಟಿಶ್ಯೂ ನಾಲ್ಕು ಮಡಿಕೆ ಮಾಡಿ, ಅದೇ ವಿನೆಗರ್ ನೀರಲ್ಲಿ ನೆನೆಸಿ ಕಲೆಯಷ್ಟೇ ಜಾಗಕ್ಕೆ ಇಡಿ. ಮೂರು ನಿಮಿಷಕ್ಕೆ ತೆಗೆದು ತೊಳೆದು ಹೊಸ ಟಿಶ್ಯೂ. ಐದಾರು ಸಲ ಬೇಕಾಗಬಹುದು. ಒಂದೇ ಸಲ ಅರ್ಧ ಗಂಟೆ ಇಡುವ ಆತುರ ಬೇಡ, ಒಣಗಲು ಬಿಡಲೇಬಾರದು. ಉಗುರು, ಬ್ಲೇಡು, ಪ್ಲಾಸ್ಟಿಕ್ ಕಾರ್ಡು ಯಾವುದರಿಂದಲೂ ಕೆರೆಯಬೇಡಿ. ತೆಳುವಾಗುತ್ತಾ ಬಂದು ಕೊನೆಗೆ ಬಟ್ಟೆಗೇ ಬರ್ತದೆ. ವಿನೆಗರ್ ವಾಸನೆ ಬೇಡವಾದರೆ ಲೀಟರ್ ನೀರಿಗೆ 20 ಗ್ರಾಂ ಸಿಟ್ರಿಕ್ ಆಸಿಡ್, ಕಿರಾಣಿಯವರ ಹತ್ತಿರ ‘ನಿಂಬೂ ಫೂಲ್’ ಅಂತ ಕೇಳಿ. ಕೆಲಸ ಮುಗಿದ ಮೇಲೆ ಇಡೀ ಭಾಗವನ್ನು ಶಾಂಪೂ ಹಾಕಿ ತೊಳೆಯಿರಿ, ಆಸಿಡ್ ಎಲ್ಲೂ ನಿಲ್ಲಬಾರದು. ಕೋಟಾ ಕಲ್ಲು ಅಥವಾ ಮಾರ್ಬಲ್ ನೆಲದ ಮೇಲೆ ಇದನ್ನು ಮಾಡಬೇಡಿ. ಅದೂ ಸುಣ್ಣದ ಕಲ್ಲೇ, ಬಿದ್ದಲ್ಲೆಲ್ಲ ಹೊಳಪು ಹೋಗ್ತದೆ.

ಮೀರಾರೋಡ್_01

ನಮ್ಮಲ್ಲೂ ಇದೇ ನೀರಿನ ಗೋಳು. ಆರ್‌ಒ ಫಿಲ್ಟರಿನಿಂದ ಹೊರಹೋಗುವ ನೀರನ್ನು ಹಿಡಿದಿಟ್ಟು ಗಾಡಿ ತೊಳೆದರೆ ಹೇಗೆ? ಫಿಲ್ಟರ್ ಆದ ನೀರಲ್ಲವೇ?

ವಾಘೋಲಿ_ಪುಣೆ

ಅದು ಫಿಲ್ಟರ್ ಆದ ನೀರಲ್ರಿ, ಫಿಲ್ಟರ್ ಹೊರಗ ಹಾಕಿದ ನೀರು. ಮೂರು ಲೀಟರ್ 600 ಟಿಡಿಎಸ್ ನೀರು ಒಳಗ ಹೋಗಿ ಒಂದು ಲೀಟರ್ 50ರದ್ದು ಕುಡಿಯಾಕ ಬಂತು ಅಂದ್ರ, ಉಳಿದ ಎರಡು ಲೀಟರಿನ್ಯಾಗ 875 ಆಗಿರ್ತದ. ಟೈರು, ಮಡ್‌ಗಾರ್ಡ್ ಒಳಭಾಗ, ರಬ್ಬರ್ ಮ್ಯಾಟ್ ತೊಳಿಯಾಕ ಉಪಯೋಗ ಮಾಡ್ರಿ. ತೊಳೆದ ಮ್ಯಾಲೆ ಕಡೀಗೆ ಹಾಕೋ ನೀರಿಗೆ ಮಾತ್ರ ಅದು ಬ್ಯಾಡ.

ಕಡೀ ನೀರಿಗೆ ಎಸಿ ಪೈಪಿನಿಂದ ತೊಟ್ಟಿಕ್ಕೋ ನೀರು ಭಾಳ ಛಲೋ. ಅದು ಗಾಳಿಯೊಳಗಿನ ತೇವ ತಣ್ಣಗಾಗಿ ಬಂದದ್ದು, ಲವಣ ಇಲ್ಲದಷ್ಟ ಕಡಿಮಿ. ಮುಂಬೈ ಸೆಕೆಗೆ ರಾತ್ರಿ ಓಡಿದ ಒಂದು ಎಸಿಯಿಂದ ಐದಾರು ಲೀಟರ್ ಆರಾಮ ಸಿಗ್ತದ. ಎರಡು ಪದರ ಅರಿವಿಯಿಂದ ಸೋಸ್ರಿ, ಪೈಪಿನ ಪಾಚಿ, ಧೂಳು ಬಂದಿರ್ತದ. ಹಿಡಿದ ನೀರು ದಿನಗಟ್ಟಲೆ ಇಡಬ್ಯಾಡ್ರಿ, ಸೊಳ್ಳಿ ಮೊಟ್ಟಿ ಇಡ್ತಾವ. ಮಳಿಗಾಲದಾಗ ಮಳಿನೀರೂ ಅಷ್ಟ ಛಲೋ, ಮೊದಲ ಹತ್ತು ನಿಮಿಷದ್ದು ಬಿಟ್ಟು ಹಿಡೀರಿ.

ಪೈಪು ಬಿಟ್ಟು ತೊಳಿಯೂದು ಹೆಂಗೂ ಬ್ಯಾಡ. ಹೂಕುಂಡಕ್ಕ ಸಿಂಪಡಿಸೋ 5 ಲೀಟರ್ ಪ್ರೆಶರ್ ಪಂಪ್ ತಗೋರಿ. ಮೊದಲ ಬೋರ್ ನೀರಿನಿಂದಲ ಮಣ್ಣು ತೊಯ್ಸಿ ಇಳಿಸ್ರಿ. ಆಮ್ಯಾಲೆ ಎರಡು ಬಕೆಟ್: ಒಂದರಾಗ 10 ಲೀಟರಿಗೆ ಬಾಟಲಿ ಮ್ಯಾಲೆ ಹೇಳಿದಷ್ಟು ಶಾಂಪೂ, ಇನ್ನೊಂದರಾಗ ಬರೇ ನೀರು. ತೊಳಿಯೋ ಕೈಚೀಲ, ಅಂದ್ರ ಮಿಟ್ಟನ್ನ, ಒಂದೊಂದು ಪ್ಯಾನೆಲ್ ಆದಮ್ಯಾಲೆ ಬರೇ ನೀರಿನ್ಯಾಗ ಹಿಂಡಿ ಮತ್ತ ಶಾಂಪೂದಾಗ ಅದ್ದಬೇಕು. ಬಕೆಟ್ ತಳದಾಗ ಕೂಡೋ ಮಳಲು ನೋಡಿದ್ರ ಯಾಕಂತ ತಿಳೀತದ. ರೂಫಿನಿಂದ ಶುರು, ಬಾಗಿಲಿನ ಕೆಳಗಿನ ಅರ್ಧ ಕಡೀಗೆ. ಚಕ್ರಕ್ಕ ಬ್ಯಾರೆ ಅರಿವಿ. ಒಂದು ಪ್ಯಾನೆಲ್ ಒಣಗೂದರಾಗ ನೀರು ಹಾಕ್ರಿ. ಕಡೀಗೆ ಪಂಪಿನ್ಯಾಗ 4 ಲೀಟರ್ ಎಸಿ ನೀರು ತುಂಬಿ ಮ್ಯಾಲಿಂದ ಕೆಳಗ ಇಳಿಸಿ, 60x90 ಸೆಂಟಿಮೀಟರಿನ ದಪ್ಪ ಮೈಕ್ರೋಫೈಬರ್ ಟಾವೆಲ್ ಹಾಸಿ, ಒತ್ತದ, ಎರಡೂ ಮೂಲಿ ಹಿಡಿದು ನಿಮ್ಮ ಕಡೆ ಎಳೀರಿ. ಬಿಸಿಲಿಗೆ ಒಣಗಿಸೋ ಪದ್ಧತಿ ಇವತ್ತಿಗೇ ಬಿಡ್ರಿ. ನಿಮ್ಮ ಉಂಗುರದ ಮೂಲ ಅದ.

ಇನ್ನೊಂದು ಮಾತು, ಸೊಸೈಟಿಯೊಳಗ ದಿನಾ ಗಾಡಿ ಒರೆಸೋರು ಬರ್ತಾರಲ್ಲ, ಅವರು ಅರ್ಧ ಬಕೆಟ್ ನೀರಿನ್ಯಾಗ, ಒಂದ ಅರಿವಿಯೊಳಗ ಇಪ್ಪತ್ತು ಗಾಡಿ ಒರೆಸ್ತಾರ. ಮೊದಲಿನ ಗಾಡಿಯ ಮಳಲು ನಿಮ್ಮ ಬಾನೆಟ್ ಮ್ಯಾಲೆ. ಕಡುಬಣ್ಣದ ಗಾಡಿ ಬಿಸಿಲಿಗೆ ನಿಂತಾಗ ಜೇಡರಬಲಿ ಹಂಗ ಕಾಣೋ ಗೀರು ಹೆಚ್ಚಾಗಿ ಇದರಿಂದಲ. ಅವರ ದುಡಿಮಿ ತಪ್ಪಿಸಬ್ಯಾಡ್ರಿ. ಪಗಾರ ಅಷ್ಟ ಕೊಟ್ಟು, ಗಾಜು, ಚಕ್ರ, ಒಳಗಿನ ಮ್ಯಾಟ್ ಮಾತ್ರ ಮಾಡ್ರಿ, ಬಣ್ಣಕ್ಕ ಅರಿವಿ ಹಚ್ಚಬ್ಯಾಡ್ರಿ ಅಂತ ತಿಳಿಸಿ ಹೇಳ್ರಿ.

ಕಾಂದಿವಲಿ_ಪೂರ್ವ

ದಪ್ಪ ಕಲೆಗಳು ನಾಲ್ಕೈದು ಸುತ್ತಿಗೆ ಕರಗಿದವು, ಅಡಿಯಲ್ಲಿ ಮಂಕು ಉಳಿದಿದೆ. ಅದಕ್ಕೂ ಉಂಗುರದ ಅಂಚಿಗೂ ಏನು ಮಾಡಲಿ? ಗಾಜಿಗೆ?

ಡೊಂಬಿವಲಿ_ಡಿಟೇಲಿಂಗ್

ಈಗ ಪಾಲಿಶ್‌ನ ಸರದಿ. ತಗೊಳ್ಳುವಾಗ ರಬ್ಬಿಂಗ್ ಕಾಂಪೌಂಡ್ ಅಲ್ಲ, ಫೈನ್ ಅಥವಾ ಫಿನಿಶಿಂಗ್ ಪಾಲಿಶ್. ಮೊದಲು ಬೆರಳ ತುದಿಗೆ ತೆಳು ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಬಾನೆಟ್ ಮೇಲೆ ಆಡಿಸಿ. ಒರಟು ಸಿಕ್ಕಿದರೆ ಕ್ಲೇ ಬಾರ್ (ಅಂಟಿದ ಕಣಗಳನ್ನು ಎತ್ತುವ, ಜೇಡಿಮಣ್ಣಿನಂಥ ಮೆತ್ತನೆ ಉಂಡೆ) ಆಡಿಸಬೇಕು. ಶಾಂಪೂ ನೀರು ಸಿಂಪಡಿಸುತ್ತಾ, ಒತ್ತಡ ಇಲ್ಲದೆ, ನೇರ ಗೆರೆಯಲ್ಲಿ. ಕ್ಲೇ ನೆಲಕ್ಕೆ ಬಿತ್ತೋ, ಎಸೆದುಬಿಡಿ. ಅದಕ್ಕಂಟಿದ ಒಂದು ಮರಳಿನ ಕಣ ಇಡೀ ಬಾನೆಟ್ ಹಾಳು ಮಾಡ್ತದೆ.

ಫೋಮ್ ಅಪ್ಲಿಕೇಟರ್ ಮೇಲೆ ಬಟಾಣಿ ಗಾತ್ರದ ಮೂರು ಹನಿ ಪಾಲಿಶ್ ಹಾಕಿ, ಒಂದೂವರೆ ಅಡಿ ಚೌಕದಲ್ಲಿ ಉದ್ದುದ್ದ, ಆಮೇಲೆ ಅಡ್ಡಡ್ಡ, ಒಟ್ಟು ಎರಡು ನಿಮಿಷ. ಒರೆಸಿ ಟಾರ್ಚಿನಲ್ಲಿ ನೋಡಿ. ಎರಡು ಸುತ್ತಿನ ನಂತರವೂ ಅಂಚು ಉಳಿದರೆ ನಿಲ್ಲಿಸಿ. ಆಳಕ್ಕೆ ಇಳಿದದ್ದನ್ನು ಪೂರ್ತಿ ತೆಗೆಯಲು ಹೋದರೆ ಕ್ಲಿಯರ್ ಕೋಟ್ ಮುಗೀತದೆ. ಒಂದೆರಡು ಮಸುಕು ಉಂಗುರ ಇರಲಿ, ಬಣ್ಣ ಉಳಿಯುವುದು ದೊಡ್ಡದು. ಬಾಗಿಲಿನ, ಬಾನೆಟ್‌ನ ಚೂಪು ಅಂಚುಗಳಲ್ಲಿ ಪದರ ಇನ್ನೂ ತೆಳು, ಅಲ್ಲಿ ಕೈ ಇಡಬೇಡಿ.

ಗಾಜಿಗೂ ಮೊದಲು ವಿನೆಗರ್. ಉಳಿದದ್ದಕ್ಕೆ ಗಾಜಿಗೆ ಹೊಳಪು ಕೊಡುವ ಸೀರಿಯಂ ಆಕ್ಸೈಡ್ ಪುಡಿ, ನೀರಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಫೆಲ್ಟ್ ಪ್ಯಾಡಿನಿಂದ ಒಂದೊಂದು ಅಡಿ ಚೌಕ. ಒಣಗಬಾರದು, ಆಗಾಗ ನೀರು ಸಿಂಪಡಿಸಿ. ಸುತ್ತಲಿನ ರಬ್ಬರಿಗೆ ಮಾಸ್ಕಿಂಗ್ ಟೇಪ್ ಹಚ್ಚಿ, ಇಲ್ಲವಾದರೆ ಆ ಪುಡಿ ಸಂದಿಯಲ್ಲಿ ಕೂತು ತೆಗೆಯಲು ಸಾಕುಬೇಕಾಗ್ತದೆ. ವೈಪರ್ ರಬ್ಬರಿನ ಅಂಚನ್ನೂ ಒದ್ದೆ ಬಟ್ಟೆಯಿಂದ ಒರೆಸಿ, ಕಪ್ಪು ಬರುವುದು ನಿಲ್ಲುವ ತನಕ.

ವಾಸ್ಕೋ_ಗೋವಾ

ಬಿಳಿ ಗಾಡಿ ಇರೋರಿಗೆ ಒಂದು ಸೇರಿಸ್ತೀನಿ. ಕಲೆ ಬಿಳಿ ಅಲ್ಲದೆ ಸೂಜಿಮೊನೆಯಷ್ಟು ಕಿತ್ತಳೆ ಚುಕ್ಕೆ ಆಗಿದ್ರೆ ವಿನೆಗರ್ ತಂಟೆಗೆ ಹೋಗಬೇಡಿ. ರೈಲು ಹಳಿ, ವೆಲ್ಡಿಂಗ್ ಕೆಲಸ, ಬ್ರೇಕ್ ಪ್ಯಾಡ್ ಇವುಗಳ ಕಬ್ಬಿಣದ ಕಣ ಬಣ್ಣಕ್ಕೆ ಕಚ್ಚಿ ತುಕ್ಕು ಹಿಡಿದಿರೋದು ಅದು. ಐರನ್ ರಿಮೂವರ್ ಸಿಂಪಡಿಸಿದ್ರೆ ಮೂರು ನಾಲ್ಕು ನಿಮಿಷದಲ್ಲಿ ನೇರಳೆ ಬಣ್ಣದ ಗೆರೆ ಇಳಿಯುತ್ತೆ. ವಾಸನೆ ಜೋರು, ಕೈಗವಸು ಹಾಕಿ, ಒಣಗೋಕೆ ಮೊದಲೇ ತೊಳೀರಿ. ಅದಿರಿನ ಕೆಂಪು ಧೂಳು ಬೇರೆ. ಅದು ಕಚ್ಚೋದಿಲ್ಲ, ಆದ್ರೆ ಗಡಸು. ಒಣ ಬಟ್ಟೆಯಿಂದ ಒರೆಸಿದ್ರೆ ಗೀರು ಗ್ಯಾರಂಟಿ, ಮೊದಲು ನೀರು ಹಾಕಿ ಇಳಿಸಲೇಬೇಕು.

ಕಾಂದಿವಲಿ_ಪೂರ್ವ

ಬಾನೆಟ್ ಪೂರ್ತಿ ಸರಿಹೋಯಿತು. ರೂಫಿನಲ್ಲಿ ಎರಡು ಮಸುಕು ಗುರುತು ಉಳಿದಿವೆ, ಬಿಟ್ಟಿದ್ದೇನೆ. ಗಾಜು ರಾತ್ರಿ ಈಗ ಸ್ಪಷ್ಟ. ಎಸಿ ನೀರಿನ ಟಿಡಿಎಸ್ 18 ಬಂತು. ಇಬ್ಬರಿಗೂ ತುಂಬ ಧನ್ಯವಾದ. ಇನ್ನೆರಡು ಪ್ರಶ್ನೆ: ಸೆರಾಮಿಕ್ ಕೋಟಿಂಗ್ ಮಾಡಿಸಿದರೆ ಈ ಉಂಗುರ ಬರುವುದಿಲ್ಲವೇ? ಛಾವಣಿ ಸರಿಯಾಗುವವರೆಗೆ ಕವರ್ ಹಾಕಿಡಲೇ?

ಡೊಂಬಿವಲಿ_ಡಿಟೇಲಿಂಗ್

ಕೋಟಿಂಗ್ ಇದ್ದರೂ ಉಂಗುರ ಬರ್ತದೆ. ನೀರು ದುಂಡು ಹನಿಯಾಗಿ ನಿಲ್ಲುವುದರಿಂದ, ಒರೆಸದೆ ಬಿಟ್ಟರೆ ಇನ್ನೂ ಎದ್ದು ಕಾಣ್ತದೆ. ಲಾಭ ಇಷ್ಟೇ, ಕಲೆ ಕೋಟಿಂಗ್ ಮೇಲೆ ಕೂರ್ತದೆ, ತೆಗೆಯುವುದು ಸುಲಭ. ನಿಮಗೆ ಎರಡು ಮೂರು ತಿಂಗಳಿಗೊಮ್ಮೆ ಕೈಯಿಂದ ಹಚ್ಚುವ ಸ್ಪ್ರೇ ಸೀಲೆಂಟ್ ಸಾಕು.

ಕವರ್ ಬೇಡ. ಸುಣ್ಣದ ನೀರು ಬಟ್ಟೆಯಲ್ಲಿ ಹೀರಿ, ಅದೇ ಒದ್ದೆ ಬಟ್ಟೆ ಬಣ್ಣಕ್ಕೆ ಅಂಟಿಕೊಂಡೇ ಇರ್ತದೆ, ಹನಿಗಿಂತ ಕೆಟ್ಟದ್ದು. ಬಿರುಕಿನ ಕೆಳಗೆ ಎರಡು ಅಡಿ ಅಗಲದ ಪ್ಲಾಸ್ಟಿಕ್ ಶೀಟನ್ನು ಗೋಡೆ ಕಡೆ ಇಳಿಜಾರು ಮಾಡಿ ಕಟ್ಟಿಸಿ, ನೀರು ಗೋಡೆಗುಂಟ ಹೋಗಲಿ. ಕಮಿಟಿಗೆ ಆ ಬಿಳಿ ಕಡ್ಡಿಯ ಫೋಟೋ ಸಮೇತ ಬರೆದುಕೊಡಿ, ಕಾರಿನ ಮಾತಿಗಿಂತ ಒಳಗಿನ ಸರಳು ತುಕ್ಕು ಹಿಡಿಯುವ ಮಾತನ್ನು ಮುಂದೆ ಇಡಿ. ಕೆಳಗಿನಿಂದ ಸಿಮೆಂಟ್ ಮೆತ್ತಿ ಹೋದರೆ ಒಪ್ಪಬೇಡಿ, ನೀರು ಪಕ್ಕದಲ್ಲಿ ದಾರಿ ಮಾಡಿಕೊಳ್ತದೆ. ಮೇಲಿನ ಡೆಕ್‌ಗೆ ವಾಟರ್‌ಪ್ರೂಫಿಂಗ್, ಬಿರುಕಿಗೆ ಪಿಯು ಗ್ರೌಟಿಂಗ್ (ಬಿರುಕಿನೊಳಗೆ ಪಾಲಿಯುರೆಥೇನ್ ತುಂಬುವುದು) ಎರಡೂ ಆಗಬೇಕು. ಅಲ್ಲಿಯವರೆಗೆ ಬೆಳಿಗ್ಗೆ ಗಾಡಿ ತೆಗೆಯುವಾಗ ರೂಫ್ ನೋಡಿ, ಹಸಿ ಹನಿ ಕಂಡರೆ ಬಾಟಲಿ ನೀರು ಸುರಿದು ಇಳಿಸಿ, ಒರೆಸಬೇಡಿ.