ಓವನ್ ಬಿಸಿಗೆ ಹರಳಿನ ಡೊಮೇನ್ ಅಳಿಸಿಹೋಗುತ್ತದೆಯೇ?

ಪ್ರಶ್ನೆ: ಮೇಡಂ, ನಮಸ್ತೆ. ನಾನು ಭೌತವಿಜ್ಞಾನ ಎಂ.ಎಸ್ಸಿ. ವಿದ್ಯಾರ್ಥಿನಿ. ಪೀರಿಯಾಡಿಕ್ ಪೋಲಿಂಗ್ ಮಾಡಿದ, ಅಂದರೆ ಧ್ರುವೀಕರಣದ (ಒಳಗಿನ ವಿದ್ಯುದಂಶಗಳು ವಾಲಿರುವ) ದಿಕ್ಕನ್ನು ಪಟ್ಟಿ ಪಟ್ಟಿಯಾಗಿ ತಿರುಗಿಸಿದ, ಲಿಥಿಯಂ ನಯೋಬೇಟ್ ಹರಳಿನೊಳಗೆ 1064 ನ್ಯಾನೋಮೀಟರ್ ಲೇಸರ್ ಹಾಯಿಸಿ 532ರ ಹಸಿರು ಬೆಳಕು ತೆಗೆಯುತ್ತಿದ್ದೇವೆ. ಮೊದಲು ಚೆನ್ನಾಗಿ ಬಂತು. ಈಗ ಪವರ್ ಏರಿಸಿದಷ್ಟೂ ಹಸಿರು ಮಂಕಾಗುತ್ತದೆ, ಪರದೆ ಮೇಲಿನ ಚುಕ್ಕೆ ಒಂದೇ ದಿಕ್ಕಿಗೆ ಎಳೆದ ಹಾಗೆ ಉದ್ದವಾಗುತ್ತದೆ. ಹರಳನ್ನು ಇಟ್ಟಿರುವ ಓವನ್ 60 ಡಿಗ್ರಿಯಲ್ಲಿದೆ. ಡೊಮೇನ್‌ಗಳು (ಆ ಪಟ್ಟಿಗಳು) ಅಳಿಸಿಹೋದವಾ?

ಉತ್ತರ: ಇಲ್ಲಮ್ಮ, ಆ ಭಯ ಬಿಡು. ಈ ಹರಳಿನ ಕ್ಯೂರಿ ತಾಪಮಾನ, ಅಂದರೆ ಧ್ರುವೀಕರಣವೇ ಅಳಿಸಿಹೋಗುವ ಬಿಸಿ, 1100 ಡಿಗ್ರಿಗೂ ಮೇಲೆ. 60 ಡಿಗ್ರಿಗೆ ಡೊಮೇನ್ ಅಲುಗುವುದೂ ಇಲ್ಲ.

ಆ ಪಟ್ಟಿಗಳ ಕೆಲಸ ಏನೆಂದು ಮೊದಲು ನೋಡು. ಹರಳಿನಲ್ಲಿ ಹಸಿರು ಬೆಳಕು ಇನ್‌ಫ್ರಾರೆಡ್‌ಗಿಂತ ನಿಧಾನ. ಹಿಂದೆ ಹುಟ್ಟಿದ ಹಸಿರಿಗೂ ಈಗ ಹುಟ್ಟುತ್ತಿರುವ ಹಸಿರಿಗೂ ಸುಮಾರು 3.4 ಮೈಕ್ರಾನ್ ಹೋಗುವಷ್ಟರಲ್ಲಿ ಹೆಜ್ಜೆ ತಪ್ಪುತ್ತದೆ, ಅಲ್ಲಿಂದ ಮುಂದೆ ಒಂದನ್ನೊಂದು ಅಳಿಸುತ್ತವೆ. ಎನ್‌ಸಿಸಿ ಪರೇಡಿನಲ್ಲಿ ಹೆಜ್ಜೆ ತಪ್ಪಿದವನು ‘ಕದಮ್ ಬದಲ್’ ಮಾಡಿ ಸಾಲಿಗೆ ಹೊಂದಿಕೊಳ್ಳುತ್ತಾನಲ್ಲ, ಇಲ್ಲಿ ಅದನ್ನೇ ಡೊಮೇನ್ ಮಾಡುತ್ತದೆ. ಸರಿಯಾಗಿ ಆ ಜಾಗದಲ್ಲಿ ಧ್ರುವೀಕರಣ ತಿರುಗುಮುರುಗಾಗಿದ್ದರೆ ಹಸಿರು ಮತ್ತೆ ಕೂಡುತ್ತಾ ಹೋಗುತ್ತದೆ. ಒಂದು ಮೇಲ್ಮುಖ, ಒಂದು ಕೆಳಮುಖ, ಎರಡೂ ಸೇರಿ ಸುಮಾರು 6.8 ಮೈಕ್ರಾನ್ ಪೀರಿಯಡ್. ಭೌತವಿಜ್ಞಾನಿ ಬ್ಲೂಂಬರ್ಗೆನ್ ಮತ್ತವರ ಸಂಗಡಿಗರು 1962ರಲ್ಲೇ ಇದನ್ನು ಹೇಳಿದ್ದರು. ಆದರೆ ಇಷ್ಟು ಸಣ್ಣ ಪಟ್ಟಿ ಹೊಡೆಯುವ ಕೈಚಳಕ ಬರಲು ಮೂರು ದಶಕ ಬೇಕಾಯಿತು.

ನಿನ್ನ ತೊಂದರೆಗೆ ಸುಳಿವು ಆ ಉದ್ದವಾದ ಚುಕ್ಕೆಯಲ್ಲಿದೆ. ಹಸಿರು ಬೆಳಕು ಹರಳಿನೊಳಗೆ ಎಲೆಕ್ಟ್ರಾನುಗಳನ್ನು ಸಡಿಲಿಸಿ ಅಕ್ಕಪಕ್ಕ ಸರಿಸುತ್ತದೆ, ವಕ್ರೀಭವನಾಂಕ ಏರುಪೇರಾಗಿ ಕಿರಣ ಹರಳಿನ ಸಿ ಅಕ್ಷದ (ಧ್ರುವೀಕರಣದ ದಿಕ್ಕಿನ) ಗುಂಟ ಹರಡುತ್ತದೆ. ಇದು ಫೋಟೋರಿಫ್ರಾಕ್ಟಿವ್ ಹಾನಿ. ಬಹುಶಃ ನಿಮ್ಮದು ಈ ಹಾನಿ ತಡೆಯುವ ಮೆಗ್ನೀಷಿಯಂ ಆಕ್ಸೈಡ್ ಬೆರೆಸದ ಹರಳು. 150 ಡಿಗ್ರಿ ದಾಟಿಸಿದರೆ ಈ ಕಾಟ ಬಹಳ ತಗ್ಗುತ್ತದೆ. ಆದರೆ ಬಿಸಿ ಬದಲಾದರೆ ಹೆಜ್ಜೆಯ ಅಳತೆಯೂ ಬದಲಾಗುತ್ತದೆ. ಅದಕ್ಕೇ ಒಂದೇ ಚಿಪ್‌ನಲ್ಲಿ ಬೇರೆ ಬೇರೆ ಪೀರಿಯಡ್‌ನ ಟ್ರ್ಯಾಕುಗಳು, ಅಂದರೆ ಪಕ್ಕಪಕ್ಕದ ಪಟ್ಟಿಸಾಲುಗಳು, ಇರುತ್ತವೆ. ಸ್ವಲ್ಪ ಚಿಕ್ಕ ಪೀರಿಯಡ್‌ನ ಟ್ರ್ಯಾಕಿಗೆ ಸರಿಸಿ, ಓವನ್ ನಿಧಾನವಾಗಿ ಏರಿಸು. ಸರಸರ ಏರಿಸಿದರೆ ಮೈಮೇಲೆ ವಿದ್ಯುದಂಶ ಕೂಡಿ ಹರಳು ಸೀಳಬಹುದು.

ಇನ್ನೊಬ್ಬ ಸದಸ್ಯರು: ಇಷ್ಟು ಸಣ್ಣ ಪಟ್ಟಿ ಹೊಡೆಯುವುದು ಹೇಗೆ ಮೇಡಂ?

ಉತ್ತರ: ಅರ್ಧ ಮಿಲಿಮೀಟರ್ ದಪ್ಪದ ಬಿಲ್ಲೆಯ ಮೇಲೆ ಪಟ್ಟಿ ಪಟ್ಟಿಯಾಗಿ ಎಲೆಕ್ಟ್ರೋಡ್ ಮೂಡಿಸಿ ಸುಮಾರು ಹತ್ತು ಸಾವಿರ ವೋಲ್ಟ್ ಕೊಡುತ್ತಾರೆ. ಕಣ್ಣೆಲ್ಲ ಕರೆಂಟ್ ಮೇಲೆ ಇರಬೇಕು. ಎಷ್ಟು ವಿಸ್ತೀರ್ಣ ತಿರುಗಬೇಕೋ ಅಷ್ಟಕ್ಕೆ ಲೆಕ್ಕ ಹಾಕಿದ ವಿದ್ಯುದಂಶ ಹರಿದ ಕೂಡಲೇ ನಿಲ್ಲಿಸಬೇಕು. ತಡವಾದರೆ ಡೊಮೇನ್‌ಗಳು ಅಗಲವಾಗಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಬಿಲ್ಲೆ ಹಾಳು.

ವಿದ್ಯಾರ್ಥಿನಿ: ಪಟ್ಟಿಗಳನ್ನು ಕಣ್ಣಾರೆ ನೋಡಬಹುದಾ ಮೇಡಂ?

ಉತ್ತರ: ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಡೊಮೇನಿನ ಒಂದು ಮುಖ ಬೇಗ ಕರಗುತ್ತದೆ, ಆಮೇಲೆ ಸೂಕ್ಷ್ಮದರ್ಶಕದಲ್ಲಿ ಬಾಚಣಿಗೆ ಹಲ್ಲಿನಂತೆ ಕಾಣುತ್ತದೆ. ಆದರೆ ಆ ಆಮ್ಲ ತೀರಾ ಅಪಾಯಕಾರಿ, ನೀನು ಮುಟ್ಟಬೇಡ. ಅಡ್ಡಡ್ಡ ಇಟ್ಟ ಎರಡು ಪೋಲರೈಸರ್ ನಡುವೆ ಹರಳು ಇಟ್ಟು ಸೂಕ್ಷ್ಮದರ್ಶಕದಲ್ಲಿ ನೋಡು. ಡೊಮೇನ್ ಗಡಿಗಳು ತೆಳು ಗೆರೆಗಳಾಗಿ ಹೊಳೆಯುತ್ತವೆ.