ರಾತ್ರಿ ಪದೇ ಪದೇ ಮೂತ್ರ: ಸಕ್ಕರೆ ಕಾಯಿಲೆ ಇಲ್ಲದಿದ್ದರೂ ಏಕೆ?

ಪ್ರಶ್ನೆ (ಹಾಸನದ ಓದುಗ):
ನನ್ನ ತಂದೆಯವರಿಗೆ 68 ವರ್ಷ. ಕೆಲವು ತಿಂಗಳಿಂದ ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಾರೆ, ಪ್ರತಿ ಸಲವೂ ಧಾರಾಳವಾಗಿಯೇ ಹೋಗುತ್ತದೆ ಎನ್ನುತ್ತಾರೆ. ಖಾಲಿ ಹೊಟ್ಟೆಯ ಸಕ್ಕರೆ 96, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 5.5 ಬಂದಿದೆ. ಬಿ.ಪಿ.ಗೆಂದು ನುಂಗುವ ಆಮ್ಲೋಡಿಪಿನ್ ಬಿಟ್ಟರೆ ಬೇರೆ ಔಷಧಿಯಿಲ್ಲ. ಸಂಜೆಯ ಮೇಲೆ ನೀರು ಕುಡಿಯುವುದನ್ನು ನಿಲ್ಲಿಸಿದರೂ ಕಡಿಮೆಯಾಗಿಲ್ಲ. ಕಾರಣ ಏನಿರಬಹುದು?

ಉತ್ತರ (ನಿವೃತ್ತ ಶುಶ್ರೂಷಕಿ):
ಮೊದಲು ಅಳೆದು ನೋಡಿ. ಪ್ರಾಸ್ಟೇಟ್ ಗ್ರಂಥಿ ದೊಡ್ಡದಾದವರು, ಮೂತ್ರದ ಸೋಂಕು ಇರುವವರು ಪದೇ ಪದೇ ಹೋದರೂ ಪ್ರತಿ ಸಲ ಹೋಗುವುದು ಸ್ವಲ್ಪವೇ. ವಯಸ್ಕರಲ್ಲಿ ದಿನದ ಒಟ್ಟು ಮೂತ್ರ 3 ಲೀಟರ್ ದಾಟಿದರೆ ಅದು ಅತಿಮೂತ್ರ. ಬೆಳಗಿನ ಮೊದಲ ಮೂತ್ರವನ್ನು ಬಿಟ್ಟು, ಅಲ್ಲಿಂದ ಮರುದಿನ ಬೆಳಗಿನ ಮೊದಲ ಮೂತ್ರದವರೆಗೆ ಪ್ರತಿ ಸಲದ್ದನ್ನೂ ಅಳತೆಯ ಜಗ್ಗಿನಲ್ಲಿ ಹಿಡಿದು, ವೇಳೆಯೊಂದಿಗೆ ಬರೆದಿಡಿ. ಮಲಗಿದ ಮೇಲಿನದೆಲ್ಲವೂ, ಬೆಳಗಿನ ಮೊದಲನೆಯದೂ ಸೇರಿ, ರಾತ್ರಿಯ ಲೆಕ್ಕಕ್ಕೆ ಬರುತ್ತದೆ.

ಉತ್ತರ (ಔಷಧಾಲಯದವ):
ಮೂರು ಲೀಟರ್ ದಾಟಿದರೆ ಮೊದಲ ಸಂಶಯ ಸಕ್ಕರೆಯ ಮೇಲೆಯೇ. ರಕ್ತದ ಸಕ್ಕರೆ ಸುಮಾರು 180 ಮೀರಿದಾಗ ಮೂತ್ರಪಿಂಡ ಅದನ್ನೆಲ್ಲ ಹಿಂದಕ್ಕೆ ಹೀರಲಾರದೆ ಹೊರಗೆ ಬಿಡುತ್ತದೆ, ಜೊತೆಗೆ ನೀರೂ ಹೋಗುತ್ತದೆ. ಸಕ್ಕರೆ ಕಾಯಿಲೆಗೆ ಕೊಡುವ ಡಾಪಾಗ್ಲಿಫ್ಲೋಜಿನ್‌ನಂಥ ಮಾತ್ರೆ ಉದ್ದೇಶಪೂರ್ವಕವಾಗಿಯೇ ಹೀಗೆ ಸಕ್ಕರೆಯನ್ನು ಹೊರಹಾಕುತ್ತದೆ. ಮೂತ್ರವರ್ಧಕ ಮಾತ್ರೆಗಳು, ಮನೋರೋಗಕ್ಕೆ ಕೊಡುವ ಲಿಥಿಯಂ, ರಕ್ತದಲ್ಲಿ ಕ್ಯಾಲ್ಸಿಯಂ ಏರಿಕೆ, ದೇಹದಲ್ಲಿ ನೀರು ಉಳಿಸಿ ಮೂತ್ರ ಕಡಿಮೆ ಮಾಡುವ ವಾಸೊಪ್ರೆಸಿನ್ ಹಾರ್ಮೋನಿನ ಕೊರತೆ, ಅತಿಯಾಗಿ ನೀರು ಕುಡಿಯುವ ಅಭ್ಯಾಸ ಇವೂ ಕಾರಣಗಳೇ. ತಡೆಯಲಾರದ ದಾಹ ಇರುವವರಿಗೆ ಮನೆಯವರೇ ನೀರು ತಡೆಯುವುದು ಅಪಾಯಕರ.

ಹಾಸನದ ಓದುಗ:
ಅಳೆದೆವು. ಒಟ್ಟು 1,900 ಮಿಲಿ, ಅದರಲ್ಲಿ ರಾತ್ರಿಯದೇ 950. ಸಂಜೆ ಹೊತ್ತಿಗೆ ಎರಡೂ ಪಾದ ಊದಿಕೊಂಡಿರುತ್ತವೆ, ಬೆರಳಿಂದ ಒತ್ತಿದರೆ ಗುಳಿ ಬೀಳುತ್ತದೆ.

ಉತ್ತರ (ನಿವೃತ್ತ ಶುಶ್ರೂಷಕಿ):
ಹಾಗಾದರೆ ಇದು ಒಟ್ಟಾರೆ ಅತಿಮೂತ್ರವಲ್ಲ, ರಾತ್ರಿಯ ಅತಿಮೂತ್ರ. ಹಿರಿಯರಲ್ಲಿ ರಾತ್ರಿಯ ಪಾಲು ಮೂರನೇ ಒಂದು ಭಾಗ ದಾಟಬಾರದು. ಹಗಲೆಲ್ಲ ಕಾಲಿನಲ್ಲಿ ಇಳಿದು ನಿಂತ ನೀರು ಮಲಗಿದಾಗ ರಕ್ತಕ್ಕೆ ಮರಳಿ ಮೂತ್ರವಾಗುತ್ತದೆ, ಆದ್ದರಿಂದಲೇ ಸಂಜೆ ನೀರು ನಿಲ್ಲಿಸಿದ್ದು ಫಲ ಕೊಟ್ಟಿಲ್ಲ. ಆಮ್ಲೋಡಿಪಿನ್‌ಗೆ ಪಾದ ಊದಿಸುವ ಗುಣವಿದೆ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಈ ಲೆಕ್ಕದ ಚೀಟಿಯನ್ನು ವೈದ್ಯರಿಗೆ ತೋರಿಸಿ, ಬದಲಿ ಮಾತ್ರೆ ಕೊಡಬಹುದೇ ಎಂದು ಕೇಳಿ. ಅಲ್ಲಿಯವರೆಗೆ ಮಧ್ಯಾಹ್ನ ಒಂದೆರಡು ಗಂಟೆ ಕಾಲು ಎತ್ತರಕ್ಕಿಟ್ಟು ಮಲಗಲಿ. ಹೃದಯ, ಮೂತ್ರಪಿಂಡಗಳ ತೊಂದರೆಯಿಂದಲೂ ಕಾಲು ಊದುವುದರಿಂದ ಆ ಪರೀಕ್ಷೆಗಳನ್ನು ಮಾಡಿಸಲೇಬೇಕು. ಜೋರು ಗೊರಕೆಯಿದ್ದರೆ ಅದನ್ನೂ ಹೇಳಿ, ನಿದ್ರೆಯಲ್ಲಿ ಉಸಿರು ಕಟ್ಟುವವರಿಗೂ ರಾತ್ರಿ ಮೂತ್ರ ಹೆಚ್ಚುತ್ತದೆ. ಮಲಗಿದರೆ ಏದುಸಿರು ಬರುತ್ತಿದ್ದರೆ ಮಾತ್ರ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.