ಪದಚರ್ಚೆ: ‘ಪವಾಡದ ಸಾಕ್ಷಿ’ ಅಂದರೆ ಪುರಾವೆಯೇ?

ಎಲ್ಲರಿಗೂ ನಮಸ್ಕಾರ.

ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮದೊಂದು ಸಣ್ಣ ಓದುಗರ ಕೂಟ ಇದೆ. ಮುಂದಿನ ಸಲದ ಚರ್ಚೆಗೆ ಇಂಗ್ಲಿಷಿನ ಒಂದು ಪ್ರಶ್ನೆಯನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಪವಾಡ ಕಂಡೆವು ಅಂತ ಜನ ಹೇಳಿದ ಮಾತನ್ನು ಕ್ರೈಸ್ತಧರ್ಮ ನಿಜ ಅನ್ನುವುದಕ್ಕೆ ಪುರಾವೆಯಾಗಿ ಹಿಡಿಯಬಹುದೇ, ಅನ್ನುವುದು ಪ್ರಶ್ನೆ. ಹೀಗೆ ಉದ್ದಕ್ಕೆ ಬರೆದರೆ ತೊಂದರೆ ಇಲ್ಲ. ಚುಟುಕಾಗಿ ಬರೆಯಲು ಹೋದರೆ ‘ಸಾಕ್ಷಿಯನ್ನು ಸಾಕ್ಷಿ ಎಂದು ಒಪ್ಪಬಹುದೇ’ ಅಂತಾಗುತ್ತದೆ. ಕೇಳುವ ಮೊದಲೇ ಉತ್ತರ ಕೊಟ್ಟ ಹಾಗೆ!

ನಮ್ಮಲ್ಲಿ ನೋಡಿದವನೂ ಸಾಕ್ಷಿ, ಅವನು ಹೇಳಿದ್ದೂ ಸಾಕ್ಷಿ, ಕತ್ತಿಯ ಮೇಲಿನ ರಕ್ತದ ಕಲೆಯೂ ಸಾಕ್ಷಿ. ಹೇಳಿದ ಮಾತಿಗೆ ‘ಸಾಕ್ಷ್ಯ’ ಅನ್ನಿ ಎಂದು ಗೆಳೆಯರೊಬ್ಬರ ಸಲಹೆ. ಅದೂ ಸರಿಹೋಗಲಿಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ದಾಖಲೆಪತ್ರವೂ ಸಾಕ್ಷ್ಯವೇ. ಈ ವಿಷಯದಲ್ಲಿ ಮಲಯಾಳದವರು ಸುಖಿಗಳು. ಹೇಳುವವನು ‘ಸಾಕ್ಷಿ’, ಹೇಳಿದ್ದು ‘ಸಾಕ್ಷ್ಯಂ’, ಪುರಾವೆಗೆ ಬೇರೆಯೇ ಆದ ‘ತೆಳಿವ್’. ನಮ್ಮ ‘ತಿಳಿ’ಯ ನಂಟಿನ ಪದವೇ ಅದು.

‘ಪ್ರಮಾಣ’ ಅನ್ನೋಣವೇ? ತರ್ಕಶಾಸ್ತ್ರಕ್ಕೆ ಒಪ್ಪುತ್ತದೆ. ನಮ್ಮ ಹಳೆಯ ತರ್ಕಪಂಥವಾದ ನ್ಯಾಯದರ್ಶನದ ನಾಲ್ಕು ಪ್ರಮಾಣಗಳಲ್ಲಿ, ಅಂದರೆ ಸರಿಯಾದ ಅರಿವಿನ ದಾರಿಗಳಲ್ಲಿ, ಶಬ್ದವೂ ಒಂದು, ಅಂದರೆ ನಂಬಬಹುದಾದವನ ಮಾತು. ಆದರೆ ಕಾಸರಗೋಡಿನಲ್ಲಿ ಪ್ರಮಾಣ ಅಂದ ಕೂಡಲೇ ಜನಕ್ಕೆ ನೆನಪಾಗುವುದು ಕಾನತ್ತೂರು. ಜಗಳ ಇದ್ದವರು ದೈವದ ಮುಂದೆ ಸತ್ಯ ಹೇಳುವ ಜಾಗ ಅದು. ಸಭೆಯಲ್ಲಿ ಚರ್ಚೆ ಆ ಕಡೆಗೇ ಹೋಗಿಬಿಡುತ್ತದೆ, ಖಂಡಿತ.

ಇನ್ನು ಪ್ರಾರ್ಥನಾಕೂಟಗಳ ‘ಸಾಕ್ಷಿ ಹೇಳುವುದು’. ಕಾಯಿಲೆ ವಾಸಿಯಾದದ್ದು, ಕುಡಿತ ಬಿಟ್ಟದ್ದು, ಹೀಗೆ ತಮ್ಮ ಅನುಭವವನ್ನು ಎದ್ದು ನಿಂತು ಹೇಳುತ್ತಾರೆ. ಅಲ್ಲಿ ಪಾಟೀಸವಾಲು ಇಲ್ಲ, ಇರಬೇಕಾಗಿಯೂ ಇಲ್ಲ. ಅದೇ ಮಾತನ್ನು ಹೊರಗಿನವರ ಮುಂದೆ ಪುರಾವೆ ಅಂತ ಇಟ್ಟಾಗ ಮಾತ್ರ ಪಾಟೀಸವಾಲು ಶುರು. ಕ್ರೈಸ್ತಧರ್ಮ ಸಾರಿದ ಮೊದಲಿಗರಲ್ಲಿ ಒಬ್ಬನಾದ ಪೌಲನನ್ನೇ ನೋಡಿ. ಸತ್ತು ಎದ್ದುಬಂದ ಕ್ರಿಸ್ತ 500ಕ್ಕಿಂತ ಹೆಚ್ಚು ಜನರಿಗೆ ಒಟ್ಟಿಗೆ ಕಾಣಿಸಿಕೊಂಡ, ಅವರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಅಂತ ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಹೇಳುತ್ತಾನೆ. ಬೇಕಾದರೆ ಕೇಳಿ ನೋಡಿ ಅನ್ನುವ ಧೈರ್ಯ ಅದರಲ್ಲಿದೆ, ನಿಜ. ಆದರೆ ನಮ್ಮ ಕೈಯಲ್ಲಿರುವುದು 500 ಜನರ ಹೇಳಿಕೆ ಅಲ್ಲ, ಅವರ ಬಗ್ಗೆ ಒಬ್ಬನ ಹೇಳಿಕೆ. ಬಾಯಿಮಾತಿನ ಸಾಕ್ಷಿ ಕಂಡವನದೇ ಆಗಬೇಕು ಅನ್ನುವುದು ಕೋರ್ಟಿನ ಸಾಮಾನ್ಯ ನಿಯಮ ಕೂಡ.

ಕೇರಳಕ್ಕೆ ಬಂದನೆಂದು ಇಲ್ಲಿನ ಕ್ರೈಸ್ತರು ನಂಬುವ ಯೇಸುವಿನ ಶಿಷ್ಯ ತೋಮನೇ, ಎದ್ದುಬಂದ ಯೇಸುವನ್ನು ‘ನಾವು ಕಂಡೆವು’ ಅಂದ ಒಡನಾಡಿಗಳ ಮಾತು ಸಾಲದು, ಅವನ ಗಾಯ ಮುಟ್ಟಿ ನೋಡಬೇಕು ಅಂದವನು. ಜೊತೆಯವರ ಸಾಕ್ಷಿ ಅವನಿಗೆ ಪುರಾವೆ ಅನ್ನಿಸಲಿಲ್ಲ. ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ 1748ರಲ್ಲಿ ಇದಕ್ಕೊಂದು ಅಳತೆಗೋಲು ಕೊಟ್ಟ. ಹೇಳಿದ್ದು ಸುಳ್ಳಾಗುವುದು ಆ ಪವಾಡಕ್ಕಿಂತಲೂ ದೊಡ್ಡ ಪವಾಡ ಅನ್ನಿಸಿದರೆ ಮಾತ್ರ ಆ ಸಾಕ್ಷಿ ಸಾಕು, ಅಂತ. ನನಗಿದು ಸ್ವಲ್ಪ ಜಾಸ್ತಿ ಬಿಗಿ ಅನ್ನಿಸುತ್ತದೆ. ಒಬ್ಬರಿಗೊಬ್ಬರು ಗೊತ್ತಿಲ್ಲದ ಹತ್ತು ಜನ ಒಂದೇ ಮಾತು ಹೇಳಿದರೆ ತೂಕ ಏರಲೇಬೇಕಲ್ವಾ? ಸಾಕ್ಷಿಯ ಮಾತು ಪುರಾವೆಯ ಒಂದು ಪಾಲು ಆಗಬಹುದು, ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಆದರೆ ಅಷ್ಟಕ್ಕೇ ರುಜುವಾತು ಆಯಿತು ಅನ್ನಲು ನನಗೆ ಮನಸ್ಸಿಲ್ಲ.

ಸದ್ಯಕ್ಕೆ ‘ಪವಾಡ ಕಂಡವರ ಹೇಳಿಕೆ ಕ್ರೈಸ್ತಧರ್ಮಕ್ಕೆ ಪುರಾವೆಯೇ?’ ಅಂತ ಬರೆದಿಟ್ಟಿದ್ದೇನೆ. ‘ಹೇಳಿಕೆ’ಗೆ ಪೊಲೀಸ್ ಠಾಣೆಯ ವಾಸನೆ ಇದೆ ಅಂತ ಮನೆಯಲ್ಲೇ ತಕರಾರು.

ಇನ್ನೊಂದು ಪ್ರಶ್ನೆ, ‘ಪವಾಡ’ ಅನ್ನುವ ಪದದ ಬಗ್ಗೆಯೇ. ಕನ್ನಡ ಬೈಬಲಿನಲ್ಲಿ, ಯೋಹಾನನ ಸುವಾರ್ತೆಯಲ್ಲಿ, ಯೇಸುವಿನ ಪವಾಡಗಳಿಗೆ ‘ಸೂಚಕಕಾರ್ಯ’ ಅಂತಿದೆ. ನಮ್ಮ ಕಡೆ ದೈವಗಳ ಮಹಿಮೆಗೆ ಹೇಳುವ ‘ಕಾರಣಿಕ’ ಇಲ್ಲಿ ಸಲ್ಲದು. ‘ಪವಾಡ’ ಅಂದರೆ ಶರಣರ, ಸಂತರ ಕತೆಗಳ ನೆನಪು ಬರುತ್ತದೆ. ಹಳೆ ಮೈಸೂರು, ಧಾರವಾಡ ಕಡೆಯ ಕ್ರೈಸ್ತರು ದಿನದ ಮಾತಿನಲ್ಲಿ ಏನನ್ನುತ್ತಾರೆ? ಗೊತ್ತಿದ್ದವರು ದಯವಿಟ್ಟು ತಿಳಿಸಿ.